ಪಾಲಿಕ್ಲಿನಿಕ್ ಚೀಟಿ, ಪ್ರೈವೇಟ್ ಚೀಟಿ: ಮಾಜಿ ಸೈನಿಕರ ಚಿಕಿತ್ಸೆಯಲ್ಲಿ ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆ?

"ಅಪ್ಪ ಮಿಲಿಟರಿಯಲ್ಲಿದ್ದವರು. ಬಿ.ಪಿ., ಶುಗರ್ ಮಾತ್ರೆ ಪಾಲಿಕ್ಲಿನಿಕ್‌ನಲ್ಲಿ ಕೊಡ್ತಾರೆ. ಹಾರ್ಟಿಗೆ ಮೈಸೂರಿನ ಪ್ರೈವೇಟ್ ಆಸ್ಪತ್ರೆಯಲ್ಲಿ ತೋರಿಸ್ತೀವಿ. ಅವರ ಚೀಟಿನೇ ಬೇರೆ, ಇವರ ಚೀಟಿನೇ ಬೇರೆ. ಯಾವುದನ್ನ ಕೊಡೋದು?" ಮಂಡ್ಯ, ಪಾಂಡವಪುರ, ಪಿರಿಯಾಪಟ್ಟಣ, ತಿ. ನರಸೀಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಮಗಳು, ಸೊಸೆ ಅಥವಾ ಹೆಂಡತಿ. ಯಜಮಾನರು ತಾವಾಗಿ ಕೇಳುವುದು ಕಡಿಮೆ.

ಪಾಲಿಕ್ಲಿನಿಕ್ ಎಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್ ನಡೆಸುವ ಚಿಕಿತ್ಸಾ ಕೇಂದ್ರ. ಒಂದು ಮಾತು ಮೊದಲೇ ಗೊತ್ತಿರಲಿ. ಪಾಲಿಕ್ಲಿನಿಕ್ ಡಾಕ್ಟರ ಮುಂದಿರುವ ದಾಖಲೆ ಖಾಸಗಿ ಡಾಕ್ಟರ ಮೇಜಿಗೆ ತಾನಾಗಿ ಹೋಗುವುದಿಲ್ಲ. ಅಲ್ಲಿ ಬರೆದದ್ದೂ ಇಲ್ಲಿಗೆ ತಾನಾಗಿ ಬರುವುದಿಲ್ಲ. ನಡುವೆ ಓಡಾಡುವುದು ನಿಮ್ಮ ಕೈಯಲ್ಲಿರುವ ಫೈಲು ಮಾತ್ರ. ಅದು ಸರಿಯಿದ್ದರೆ ಚಿಕಿತ್ಸೆಯೂ ಸರಿಹೋಗುತ್ತದೆ, ಬಿಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

1. ನೀವು ಯಾವ ಯೋಜನೆಯಲ್ಲಿದ್ದೀರಿ, ಅದನ್ನು ಖಾತ್ರಿ ಮಾಡಿಕೊಳ್ಳಿ

ಇ.ಸಿ.ಎಚ್.ಎಸ್ ಎಂದರೆ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ. 2003ರ ಏಪ್ರಿಲ್ 1ರಂದು ಶುರುವಾಯಿತು. ಪಿಂಚಣಿ ಪಡೆಯುವ ಮಾಜಿ ಸೈನಿಕರು, ಅವರ ಪತ್ನಿ (ಕುಟುಂಬ ಪಿಂಚಣಿ ಪಡೆಯುವ ವಿಧವೆಯೂ ಸೇರಿ), ಅವಲಂಬಿತ ಮಕ್ಕಳು ಮತ್ತು ತಂದೆತಾಯಿ ಇದರೊಳಗೆ ಬರುತ್ತಾರೆ. ಕಾರ್ಡು ಒಬ್ಬೊಬ್ಬರಿಗೂ ಬೇರೆ ಬೇರೆ. ತಾತನ ಕಾರ್ಡು ತೋರಿಸಿ ಅಜ್ಜಿಗೆ ಚಿಕಿತ್ಸೆ ಕೊಡಿಸಲು ಆಗುವುದಿಲ್ಲ.

ಪಿಂಚಣಿಯ ಜೊತೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಅವರು ಇನ್ನೂ ಇ.ಸಿ.ಎಚ್.ಎಸ್ ಸೇರಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಆ ಭತ್ಯೆಯೂ ಈ ಕಾರ್ಡೂ ಒಟ್ಟಿಗೆ ಇರುವಂತಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಇದು ಗೊತ್ತಾದರೆ ಏನೂ ಮಾಡಲಾಗದು, ಈಗಲೇ ವಿಚಾರಿಸಿ.

ಪಿಂಚಣಿ ಇಲ್ಲದೆ ಸೇನೆ ಬಿಟ್ಟು ಬಂದವರಲ್ಲಿ ಬಹುಪಾಲು ಜನ ಈ ಯೋಜನೆಗೆ ಬರುವುದಿಲ್ಲ. ಅವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಸೇನೆಯ ಡಿಸ್ಚಾರ್ಜ್ ಬುಕ್ ತೆಗೆದುಕೊಂಡು ಹೋಗಿ ವೈದ್ಯಕೀಯ ಸಹಾಯಧನಕ್ಕೆ ಅರ್ಜಿ ಕೇಳಬಹುದು. ಬಿ.ಪಿ.ಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ಇಲ್ಲೊಂದು ಎಚ್ಚರಿಕೆ. 70 ದಾಟಿದವರಿಗೆ ಕೇಂದ್ರ ಸರ್ಕಾರ 2024ರಲ್ಲಿ ಆಯುಷ್ಮಾನ್ ವಯ ವಂದನಾ ಕಾರ್ಡು ತಂದಿತು. ಇ.ಸಿ.ಎಚ್.ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬುದು ನಿಯಮ. ಕಾರ್ಡು ಮಾಡಿಕೊಡುತ್ತೇವೆ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ, ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸದೆ ಹೆಬ್ಬೆಟ್ಟು ಒತ್ತಬೇಡಿ.

2. ಒಂದೇ ಫೈಲು ಮಾಡಿ

ಬಟ್ಟೆ ಅಂಗಡಿ ಕವರಿನಲ್ಲಿ ಹತ್ತು ವರ್ಷದ ಚೀಟಿಗಳನ್ನೆಲ್ಲ ತುರುಕಿ ತಂದರೆ ಯಾವ ಡಾಕ್ಟರೂ ಓದಲಾರರು. ಬಾಕ್ಸ್ ಫೈಲ್ ಒಂದು, ಒಳಗೆ ಪ್ಲಾಸ್ಟಿಕ್ ಕವರ್‌ಗಳು. ಜೋಡಣೆ ಹೀಗಿರಲಿ:

• ಎಲ್ಲಕ್ಕಿಂತ ಮೇಲೆ ಮಾತ್ರೆ ಪಟ್ಟಿ, ಒಂದೇ ಹಾಳೆ (ಹೇಗೆ ಬರೆಯುವುದು ಎಂಬುದು 3ನೇ ಹಂತದಲ್ಲಿದೆ).
• ಅದರ ಕೆಳಗೆ ಕಾಯಿಲೆಗಳ ಹಾಳೆ: ಯಾವ ಕಾಯಿಲೆ, ಯಾವ ವರ್ಷದಿಂದ, ಯಾವ ಆಪರೇಷನ್, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ, ರಕ್ತದ ಗುಂಪು.
• ಡಿಸ್ಚಾರ್ಜ್ ಸಮ್ಮರಿಗಳು, ಹೊಸದು ಮೇಲೆ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚಿಕಿತ್ಸೆಯ ಸಾರಾಂಶ ಇದು. ಯಾವುದನ್ನೂ ಎಸೆಯಬೇಡಿ.
• ರಕ್ತ ಪರೀಕ್ಷೆಯ ವರದಿಗಳು, ಇ.ಸಿ.ಜಿ., ಎಕೋ ವರದಿ. ಇ.ಸಿ.ಜಿ. ಕಾಗದ ಬಿಸಿಲಿಗೆ, ಶಾಖಕ್ಕೆ ಮಾಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ.
• ಕೊನೆಯಲ್ಲಿ ಇ.ಸಿ.ಎಚ್.ಎಸ್ ಕಾರ್ಡ್, ಆಧಾರ್, ಪಿ.ಪಿ.ಓ. (ಪಿಂಚಣಿ ಮಂಜೂರಾತಿ ಆದೇಶ) ಇವುಗಳ ಜೆರಾಕ್ಸ್ ಐದೈದು ಪ್ರತಿ, ಮತ್ತು ಅಡ್ಡಗೆರೆ ಎಳೆದು ರದ್ದು ಮಾಡಿದ ಒಂದು ಚೆಕ್ ಹಾಳೆ.

ಸೇವೆಯಲ್ಲಿದ್ದಾಗ ಆದ ಗಾಯ ಅಥವಾ ಕಾಯಿಲೆಗೆ ಅಂಗವೈಕಲ್ಯ ಪಿಂಚಣಿ ಬರುತ್ತಿದ್ದರೆ, ಬಿಡುಗಡೆಯ ಸಮಯದ ಮೆಡಿಕಲ್ ಬೋರ್ಡ್ ವರದಿಯ ಪ್ರತಿಯೂ ಇರಲಿ. ಹಳೇ ಗಾಯದ ಜಾಗದಲ್ಲಿ ಲೋಹದ ಚೂರು ಅಥವಾ ಪ್ಲೇಟು ಉಳಿದಿದ್ದರೆ ಅದನ್ನು ಕಾಯಿಲೆಗಳ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಎಂ.ಆರ್.ಐ. ಸ್ಕ್ಯಾನಿಗೆ ಒಳಗೆ ಕಳುಹಿಸುವ ಮುನ್ನ ಅವರಿಗೆ ಇದು ಗೊತ್ತಾಗಲೇಬೇಕು.

3. ಮಾತ್ರೆ ಪಟ್ಟಿ

ಅತಿ ಹೆಚ್ಚು ಅನಾಹುತ ಆಗುವುದು ಇಲ್ಲೇ. ಹಾಗಾಗಿ ಇದನ್ನು ಸಾವಕಾಶವಾಗಿ ಓದಿ.

ಪಾಲಿಕ್ಲಿನಿಕ್‌ನಲ್ಲಿ ಮಾತ್ರೆ ಕೊಡುವುದು ಔಷಧಿಯ ಮೂಲ ಹೆಸರಿನಲ್ಲಿ. ಹೊರಗಿನ ಚೀಟಿಯಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಎರಡೂ ಒಂದೇ ಔಷಧಿ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ, ಎರಡನ್ನೂ ಕೊಡುತ್ತಾರೆ. ಉದಾಹರಣೆಗೆ, ಪಾಲಿಕ್ಲಿನಿಕ್‌ನಿಂದ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಬೇರೆ ಬೇರೆಯಾಗಿ ಬಂದಿದೆ. ಖಾಸಗಿ ಡಾಕ್ಟರು ಗ್ಲೈಕೋಮೆಟ್ ಜಿ.ಪಿ. ಬರೆದಿದ್ದಾರೆ. ಆ ಒಂದೇ ಮಾತ್ರೆಯೊಳಗೆ ಇವೆರಡೂ ಇವೆ. ಮೂರನ್ನೂ ನುಂಗಿದರೆ ಸಕ್ಕರೆ ಅಂಶ ಥಟ್ಟನೆ ಇಳಿದು ಬೆವರು, ಕೈ ನಡುಕ, ತೊದಲು ಮಾತು ಶುರುವಾಗುತ್ತದೆ. ಹಾಗಾದಾಗ ಎಚ್ಚರವಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಸಕ್ಕರೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೊರಡಿ. ಇದೇ ರೀತಿ ಟೆಲ್ಮಿಸಾರ್ಟನ್ ಜೊತೆ ಟೆಲ್ಮಾ-ಎಚ್ ಸೇರಿದರೆ ಬಿ.ಪಿ. ಕುಸಿದು ಎದ್ದು ನಿಂತ ಕೂಡಲೇ ತಲೆ ಸುತ್ತಿ ಬೀಳುತ್ತಾರೆ. ಆಸ್ಪಿರಿನ್ ಜೊತೆ ಎಕೋಸ್ಪ್ರಿನ್ ಎ.ವಿ. ಸೇರಿದರೆ ಆಸ್ಪಿರಿನ್ ಎರಡು ಪಟ್ಟು ಹೋಗುತ್ತದೆ, ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚುತ್ತದೆ.

ಪಟ್ಟಿ ಬರೆಯುವ ಕ್ರಮ: ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನೂ ಚಾಪೆ ಮೇಲೆ ಹರಡಿ. ಪ್ರತಿಯೊಂದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಓದಿ. ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಬೆಳಿಗ್ಗೆ–ಮಧ್ಯಾಹ್ನ–ರಾತ್ರಿ ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ಯಾರು ಬರೆದದ್ದು, ಯಾವ ತಾರೀಖಿನಿಂದ, ಹೀಗೆ ಆರು ಕಾಲಂ. ಒಂದೇ ಮೂಲ ಹೆಸರು ಎರಡು ಸಾಲಿನಲ್ಲಿ ಬಂದರೆ ಎರಡರ ಕೆಳಗೂ ಗೆರೆ ಎಳೆಯಿರಿ. ನೀವೇ ಒಂದನ್ನು ನಿಲ್ಲಿಸಬೇಡಿ. ಅಂದೇ ಪಾಲಿಕ್ಲಿನಿಕ್ ಡಾಕ್ಟರಿಗೋ ಬರೆದುಕೊಟ್ಟ ಡಾಕ್ಟರಿಗೋ ಫೋನಿನಲ್ಲಾದರೂ ಕೇಳಿ.

ಆಯುರ್ವೇದದ ಚೂರ್ಣ, ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ತಂದ ಡೈಕ್ಲೋಫಿನಾಕ್, ನಿದ್ರೆ ಮಾತ್ರೆ ಎಲ್ಲವೂ ಪಟ್ಟಿಯಲ್ಲಿರಲಿ. ಮೂತ್ರಪಿಂಡ ಸೊರಗಿರುವವರಿಗೆ ಆ ನೋವಿನ ಮಾತ್ರೆ ದೊಡ್ಡ ಹಾನಿ ಮಾಡುತ್ತದೆ. ಮಿಲಿಟರಿ ಕ್ಯಾಂಟೀನ್ ರಮ್ಮಿನ ಲೆಕ್ಕವನ್ನೂ ಮುಚ್ಚಿಡಬೇಡಿ: ದಿನಕ್ಕೆ ಎಷ್ಟು ಪೆಗ್, ವಾರಕ್ಕೆ ಎಷ್ಟು ದಿನ. ಮದ್ಯದ ಜೊತೆ ನಿದ್ರೆ ಮಾತ್ರೆ ಬಿದ್ದರೆ ಉಸಿರಾಟವೇ ನಿಧಾನವಾಗಬಹುದು. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನಿಲ್ಲ, ಡಾಕ್ಟರಿಗೆ ಬೇಕಾದ ಮಾಹಿತಿ ಇದು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯವಿದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಇನ್ಸುಲಿನ್ ಎರಡು ಬಗೆ: ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿ, 100 ಯೂನಿಟ್ ಇರುವ ಪೆನ್ ಕಾರ್ಟ್ರಿಜ್ ಮತ್ತು ಬಾಟಲಿ. ಸಿರಿಂಜೂ ಎರಡು ಬಗೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಬಾಟಲಿ ಪಾಲಿಕ್ಲಿನಿಕ್‌ನಿಂದ ಬಂತು, ಸಿರಿಂಜು ಊರಿನ ಮೆಡಿಕಲ್ ಸ್ಟೋರಿನಿಂದ ಬಂತು ಅಂದುಕೊಳ್ಳಿ. 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ವಾರಗಟ್ಟಲೆ ಸಕ್ಕರೆ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ. ಉಲ್ಟಾ ಆದರೆ, ಅಂದರೆ 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ ಎಳೆದರೆ, ಹೋಗುವುದು 50 ಯೂನಿಟ್. ಜೀವಕ್ಕೇ ಅಪಾಯ. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇದೆಯೇ ಎಂದು ಪ್ರತಿ ಸಲ ಹೊಸ ಪ್ಯಾಕ್ ಒಡೆದಾಗ ನೋಡಿ.

4. ರೆಫರಲ್ ಪಡೆಯುವುದು

ರೆಫರಲ್ ಎಂದರೆ ಪಾಲಿಕ್ಲಿನಿಕ್‌ನ ವೈದ್ಯಾಧಿಕಾರಿ ಮುಂದಿನ ಚಿಕಿತ್ಸೆಗೆ ಕೊಡುವ ಶಿಫಾರಸು. ಅದು ಸೇನಾ ಆಸ್ಪತ್ರೆಗೂ ಇರಬಹುದು (ನಮ್ಮ ಕಡೆಯವರಿಗೆ ದೊಡ್ಡದೆಂದರೆ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ), ಯೋಜನೆಯ ಜೊತೆ ಒಪ್ಪಂದ ಮಾಡಿಕೊಂಡಿರುವ ಖಾಸಗಿ ಆಸ್ಪತ್ರೆಗೂ ಇರಬಹುದು. ಈ ಎರಡನೆಯದನ್ನು ಎಂಪ್ಯಾನೆಲ್ಡ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ ರೆಫರಲ್ ಇದ್ದರೆ ನಗದು ಕಟ್ಟಬೇಕಾಗಿಲ್ಲ.

ಹೊರಡುವ ಮುನ್ನ ಮೂರು ವಿಷಯ ಕೇಳಿಕೊಳ್ಳಿ. ಆ ಆಸ್ಪತ್ರೆಯ ಒಪ್ಪಂದ ಇವತ್ತಿಗೂ ಚಾಲ್ತಿಯಲ್ಲಿದೆಯೇ? ನಿಮಗೆ ಬೇಕಾದ ವಿಭಾಗಕ್ಕೂ ಇದೆಯೇ? ಕಣ್ಣಿಗೆ ಒಪ್ಪಂದವಿದ್ದು ಹೃದಯಕ್ಕೆ ಇಲ್ಲದಿರುವುದು ಉಂಟು. ರೆಫರಲ್ ಯಾವ ತಾರೀಖಿನವರೆಗೆ, ಎಷ್ಟು ಭೇಟಿಗೆ ನಡೆಯುತ್ತದೆ? ಹೋದ ವರ್ಷ ಆ ಆಸ್ಪತ್ರೆಯಲ್ಲಿ ತೋರಿಸಿದ್ದೆವು ಎಂಬ ಧೈರ್ಯದಲ್ಲಿ ಮಳವಳ್ಳಿಯಿಂದ ಗಾಡಿ ಮಾಡಿಕೊಂಡು ಬಂದು ಕೌಂಟರಿನಲ್ಲಿ ವಾಪಸಾಗುವವರನ್ನು ಕಂಡರೆ ಸಂಕಟವಾಗುತ್ತದೆ. ಒಂದು ಫೋನ್ ಕರೆಯಲ್ಲಿ ತಪ್ಪಿಸಬಹುದಾದ ಕಷ್ಟ ಅದು.

ವಯಸ್ಸಾದವರಿಗೆ ರೆಫರಲ್ ಇಲ್ಲದೆಯೇ ನೇರವಾಗಿ ತಜ್ಞರನ್ನು ಕಾಣುವ ಸೌಲಭ್ಯವೂ ಇದೆ. ಅದಕ್ಕೆ ವಯಸ್ಸಿನ ಮಿತಿ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ, ಸದ್ಯದ್ದು ಎಷ್ಟು ಎಂದು ಪಾಲಿಕ್ಲಿನಿಕ್ ಕಿಟಕಿಯಲ್ಲೇ ಕೇಳಿ.

ರೆಫರಲ್ ಚೀಟಿಯಲ್ಲಿ ಒಂದು ಕಾಯಿಲೆ ಬರೆದು, ಅಲ್ಲಿ ಹೋದ ಮೇಲೆ ಇನ್ನೊಂದು ಹೊರಬಂದರೆ ಅದಕ್ಕೆ ಬೇರೆ ಅನುಮತಿ ಬೇಕು. ಎದೆನೋವಿಗೆ ಹೋದವರು "ಹಾಗೇ ಮಂಡಿನೂ ನೋಡಿಬಿಡಿ" ಅಂದರೆ ಮಂಡಿಯ ಬಿಲ್ಲು ನಿಮ್ಮ ತಲೆಗೇ ಬರಬಹುದು.

ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇದ್ದರೆ ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಕೊಟ್ಟು ಬಸ್ ಹತ್ತಿಸಬೇಡಿ. ಡಬ್ಬಿಯಲ್ಲಿ ಇಡ್ಲಿ ಇರಲಿ. ರಕ್ತ ಕೊಟ್ಟ ಮೇಲೆ ಮಾತ್ರೆ, ತಿಂಡಿ. ಬಿ.ಪಿ. ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಎಂದಿನಂತೆ ಕೊಡಬಹುದೇ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

5. ಖಾಸಗಿ ತಜ್ಞರ ಮುಂದೆ ಕುಳಿತಾಗ

ಜೊತೆಗೆ ಒಬ್ಬರು ಒಳಗೆ ಹೋಗಲೇಬೇಕು. ಸೈನ್ಯದಲ್ಲಿದ್ದವರಲ್ಲಿ ಅನೇಕರಿಗೆ ನೋವು ಹೇಳಿಕೊಳ್ಳುವ ಅಭ್ಯಾಸವಿಲ್ಲ. ರಾತ್ರಿಯಿಡೀ ಎದೆ ಹಿಡಿದು ಕೂತಿದ್ದವರು ಡಾಕ್ಟರ ಮುಂದೆ ಬೆನ್ನು ನೆಟ್ಟಗೆ ಮಾಡಿ "ಫಸ್ಟ್ ಕ್ಲಾಸ್ ಇದೀನಿ ಸರ್" ಅನ್ನುತ್ತಾರೆ. ಫಿರಂಗಿ, ಗುಂಡಿನ ಸದ್ದಿನ ನಡುವೆ ವರ್ಷಗಟ್ಟಲೆ ಇದ್ದವರಿಗೆ ಕಿವಿ ಮಂದವಾಗಿರುವುದೂ ಸಾಮಾನ್ಯ. ಕೇಳಿಸದಿದ್ದರೂ ತಲೆ ಆಡಿಸುತ್ತಾರೆ. ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೋ ಆ ಕಡೆ ಡಾಕ್ಟರು ಬರುವಂತೆ ಕೂರಿಸಿ. ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ಸಣ್ಣದಕ್ಕೂ ಸಿಡುಕುವುದು ಇದ್ದರೆ ಅದನ್ನೂ ನೀವೇ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಮಾತು ಹೀಗೆ ಶುರುವಾಗಲಿ: "ಸರ್, ಅಪ್ಪಂಗೆ ಇ.ಸಿ.ಎಚ್.ಎಸ್ ಇದೆ. ಮಾತ್ರೆ ಅಲ್ಲಿಂದಾನೇ ಬರೋದು. ಈಗ ನಡೀತಿರೋ ಪಟ್ಟಿ ಇದು, ನೋಡಿಬಿಟ್ಟು ಬರೀರಿ. ಔಷಧಿಯ ಮೂಲ ಹೆಸರೇ ಬರೀರಿ, ಇಲ್ದಿದ್ರೆ ಅಲ್ಲಿ ಕೊಡೋದು ಕಷ್ಟ ಆಗುತ್ತೆ." ಯಾವ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಏಳುವ ಮುನ್ನ ಚೀಟಿಯಲ್ಲಿ ಇವು ಇವೆಯೇ ನೋಡಿ: ಕಾಯಿಲೆಯ ಹೆಸರು, ಹೊಸ ಮಾತ್ರೆ ಎಷ್ಟು ದಿನಕ್ಕೆ, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು, ಮುಂದಿನ ಭೇಟಿ ಯಾವಾಗ, ಸಹಿ ಮತ್ತು ಮೊಹರು. ನಿಲ್ಲಿಸಬೇಕಾದದ್ದನ್ನು ಡಾಕ್ಟರು ಬಾಯಿಮಾತಿನಲ್ಲಿ ಹೇಳಿ ಬರೆಯದೆ ಬಿಟ್ಟರೆ, ಪಾಲಿಕ್ಲಿನಿಕ್‌ನಲ್ಲಿ ಹಳೇ ಮಾತ್ರೆ ಮುಂದುವರಿಯುತ್ತಲೇ ಹೋಗುತ್ತದೆ.

ಬಣ್ಣದ ಔಷಧಿ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನಿಗೆ ಬರೆದರೆ ಮೆಟ್‌ಫಾರ್ಮಿನ್ ನಡೆಯುತ್ತಿರುವುದನ್ನೂ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆಯ ಅಂಕಿ) ಎಷ್ಟಿದೆ ಎಂಬುದನ್ನೂ ಹೇಳಿ. ಹಲ್ಲು ಕೀಳಿಸುವುದಿದ್ದರೆ ರಕ್ತ ತೆಳುಮಾಡುವ ಮಾತ್ರೆಗಳ ವಿಷಯ ದಂತವೈದ್ಯರಿಗೆ ಹೇಳಿ. ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಕ್ಲೋಪಿಡೋಗ್ರೆಲ್ ಎಂಬ ರಕ್ತ ತೆಳುಮಾಡುವ ಮಾತ್ರೆಯನ್ನು ಒಂದು ದಿನವೂ ಬಿಡಬಾರದು.

6. ಚೀಟಿ ಹಿಡಿದು ಮತ್ತೆ ಪಾಲಿಕ್ಲಿನಿಕ್‌ಗೆ

ಎರಡು ಮೂರು ದಿನದೊಳಗೆ ಹೋಗಿ. ಮೊದಲು ವೈದ್ಯಾಧಿಕಾರಿಗೆ ತಜ್ಞರ ಚೀಟಿಯನ್ನೂ ನಿಮ್ಮ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಆಮೇಲೆ ಔಷಧಿ ಕಿಟಕಿಗೆ. ಕಿಟಕಿಯಲ್ಲಿ ಇಲ್ಲದ ಔಷಧಿಗೆ "ಎನ್.ಎ." ಎಂದು ಬರೆಸಿಕೊಳ್ಳಿ. ಸಂಗ್ರಹದಲ್ಲಿ ಇಲ್ಲ ಎಂಬುದಕ್ಕೆ ಅದೇ ದಾಖಲೆ. ಅದಿಲ್ಲದೆ ಹೊರಗೆ ಕೊಂಡ ಔಷಧಿಯ ಹಣ ವಾಪಸ್ ಕೇಳಲು ಆಧಾರವೇ ಇರುವುದಿಲ್ಲ. ಅಂಗಡಿಯಲ್ಲಿ ರೋಗಿಯ ಹೆಸರು, ಔಷಧಿ ಹೆಸರು, ಬ್ಯಾಚ್ ನಂಬರ್ ಇರುವ ಪೂರ್ತಿ ಬಿಲ್ ಕೇಳಿ ಪಡೆಯಿರಿ.

ಮಾತ್ರೆ ಖಾಲಿಯಾದ ದಿನ ಹೊರಡಬೇಡಿ. ಏಳು ದಿನದ್ದು ಉಳಿದಿರುವಾಗಲೇ ಹೋಗಿ, ಮಧ್ಯೆ ರಜೆ ಬಂದರೂ ಮಾತ್ರೆ ತಪ್ಪುವುದಿಲ್ಲ. ಇನ್ಸುಲಿನ್ ತರುವುದಾದರೆ ಬಾಯಗಲದ ಫ್ಲಾಸ್ಕ್ ಒಯ್ಯಿರಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಇಬ್ಬರು ಡಾಕ್ಟರ ಅಭಿಪ್ರಾಯ ಬೇರೆಯಾದರೆ ಮನೆಯಲ್ಲಿ ಪಂಚಾಯಿತಿ ಮಾಡಿ ತೀರ್ಮಾನಿಸಬೇಡಿ. "ತಜ್ಞರು ಇದನ್ನು ಬರೆದಿದ್ದಾರೆ, ನೀವು ಬದಲಾಯಿಸಿದ್ದೀರಿ, ಕಾರಣವನ್ನು ಎರಡು ಸಾಲು ಬರೆದುಕೊಡಿ" ಎಂದು ವೈದ್ಯಾಧಿಕಾರಿಯನ್ನು ಕೇಳಿ. ಆ ಎರಡು ಸಾಲನ್ನು ಮುಂದಿನ ಭೇಟಿಯಲ್ಲಿ ತಜ್ಞರಿಗೆ ತೋರಿಸಿ. ಎಷ್ಟೋ ಸಲ ಒಂದೇ ಗುಂಪಿನ ಬೇರೆ ಔಷಧಿ ಸಂಗ್ರಹದಲ್ಲಿತ್ತು ಎಂಬುದಷ್ಟೇ ಕಾರಣವಾಗಿರುತ್ತದೆ.

7. ನಡುರಾತ್ರಿಯ ತುರ್ತು

ಎದೆನೋವು, ಲಕ್ವ, ಅಪಘಾತ: ಇಂಥ ಹೊತ್ತಿನಲ್ಲಿ ರೆಫರಲ್ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಸಮರ್ಥ ಆಸ್ಪತ್ರೆಗೆ ಹೋಗಿ. ಅದು ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ದೊಡ್ಡಾಸ್ಪತ್ರೆಯಾಗಲಿ, ಜಯದೇವ ಆಗಲಿ, ದಾರಿಯಲ್ಲಿ ಸಿಕ್ಕ ಖಾಸಗಿ ಆಸ್ಪತ್ರೆಯಾಗಲಿ. ಕಾಗದದ ಕೆಲಸ ಆಮೇಲೆ.

ಎಂಪ್ಯಾನೆಲ್ಡ್ ಆಸ್ಪತ್ರೆಗೆ ಹೋಗಿದ್ದರೆ ದಾಖಲಾಗುವಾಗಲೇ ಕಾರ್ಡ್ ತೋರಿಸಿ. ತುರ್ತು ದಾಖಲಾತಿಯನ್ನು ಯೋಜನೆಯವರಿಗೆ ಆನ್‌ಲೈನಿನಲ್ಲಿ ತಿಳಿಸುವುದು ಆಸ್ಪತ್ರೆಯ ಕೆಲಸ. ತಿಳಿಸಿದ್ದಾರೆಯೇ ಎಂದು ವಿಮಾ ಡೆಸ್ಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ನಿಮ್ಮ ಕೆಲಸ. ಮುಂಗಡ ಕಟ್ಟಿ ಅಂದರೆ ಕಟ್ಟುವ ಮೊದಲು ಪಾಲಿಕ್ಲಿನಿಕ್‌ನ ಉಸ್ತುವಾರಿ ಅಧಿಕಾರಿಗೆ ಫೋನ್ ಮಾಡಿ.

ಒಪ್ಪಂದವಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ಮನೆಯವರೇ ತಿಳಿಸಬೇಕು. ಬರೀ ಫೋನ್ ಸಾಲದು, ಬರಹದಲ್ಲೂ ತಿಳಿಸಿ: ಕಾರ್ಡ್ ನಂಬರ್, ಆಸ್ಪತ್ರೆಯ ಹೆಸರು, ದಾಖಲಾದ ದಿನ ಮತ್ತು ಗಂಟೆ, ಏನಾಯಿತು. ಕೊಟ್ಟ ಪತ್ರದ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಬಿಲ್ಲು ನೀವು ಕಟ್ಟಬೇಕಾಗುತ್ತದೆ, ಆಮೇಲೆ ಕ್ಲೈಮ್ ಹಾಕಬೇಕು. ವಾಪಸ್ ಬರುವುದು ಕೇಂದ್ರ ಸರ್ಕಾರ ನಿಗದಿ ಮಾಡಿದ ಸಿ.ಜಿ.ಎಚ್.ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರದಲ್ಲಿ. ಕಟ್ಟಿದ್ದಷ್ಟೂ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಅಪಾಯ ಕಳೆದ ಮೇಲೆ ಒಪ್ಪಂದವಿರುವ ಆಸ್ಪತ್ರೆಗೆ ಸಾಗಿಸಬಹುದೇ ಎಂದು ಚಿಕಿತ್ಸೆ ಕೊಡುತ್ತಿರುವ ಡಾಕ್ಟರನ್ನೇ ಕೇಳಿ.

8. ಡಿಸ್ಚಾರ್ಜ್ ದಿನ

ವಾರ್ಡಿನ ದರ್ಜೆ ಹುದ್ದೆಯ ಮೇಲೆ ಹೋಗುತ್ತದೆ: ಹವಾಲ್ದಾರ್‌ವರೆಗೆ ಜನರಲ್, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ ಸೆಮಿ ಪ್ರೈವೇಟ್, ಅಧಿಕಾರಿಗಳಿಗೆ ಪ್ರೈವೇಟ್. ಮೇಲಿನ ದರ್ಜೆ ಕೇಳಿ ಪಡೆದರೆ ವ್ಯತ್ಯಾಸ ನಿಮ್ಮ ಜೇಬಿನಿಂದ. "ಇನ್ನೂ ಒಳ್ಳೇ ಸ್ಟೆಂಟ್ ಇದೆ, ಹೆಚ್ಚಿನದನ್ನು ನೀವು ಕಟ್ಟಿ" ಎಂದು ಕಾಗದ ಮುಂದಿಟ್ಟರೆ ಅದರಿಂದ ವೈದ್ಯಕೀಯವಾಗಿ ಏನು ಲಾಭ ಎಂದು ಕೇಳದೆ ಸಹಿ ಹಾಕಬೇಡಿ.

ಕ್ಲೈಮ್ ಹಾಕುವವರು ಆಸ್ಪತ್ರೆ ಬಿಡುವ ಮುನ್ನ ಇಷ್ಟು ಕೇಳಿ ಪಡೆಯಬೇಕು: ಡಿಸ್ಚಾರ್ಜ್ ಸಮ್ಮರಿ, ತುರ್ತು ಸ್ಥಿತಿಯಲ್ಲಿ ಬಂದರು ಎಂಬ ಪ್ರಮಾಣಪತ್ರ, ಬಾಬ್ತುವಾರು ವಿವರದ ಮೂಲ ಬಿಲ್, ಹಣ ಕಟ್ಟಿದ ರಸೀದಿ, ಎಲ್ಲ ಪರೀಕ್ಷಾ ವರದಿ, ಔಷಧಿ ಚೀಟಿಗಳು. ಸ್ಟೆಂಟ್, ಲೆನ್ಸ್, ಮಂಡಿಯ ಕೃತಕ ಕೀಲು ಹಾಕಿದ್ದರೆ ಅದರ ಡಬ್ಬಿಯ ಮೇಲಿನ ಸ್ಟಿಕ್ಕರ್ ಮತ್ತು ಬಿಲ್. ಈ ಸ್ಟಿಕ್ಕರ್ ಕಸದ ಬುಟ್ಟಿ ಸೇರಿದರೆ ಆಮೇಲೆ ಸಿಗುವುದಿಲ್ಲ. ತಡಮಾಡದೆ ಮೂರು ತಿಂಗಳೊಳಗೆ ಪಾಲಿಕ್ಲಿನಿಕ್‌ಗೆ ಒಪ್ಪಿಸಿ, ಒಂದು ಪೂರ್ತಿ ಜೆರಾಕ್ಸ್ ಸೆಟ್ ಮನೆಯಲ್ಲಿಟ್ಟುಕೊಳ್ಳಿ.

ಮನೆಗೆ ಬಂದ ದಿನವೇ ಹಳೇ ಮಾತ್ರೆ ಪಟ್ಟಿಗೆ ಅಡ್ಡಗೆರೆ ಎಳೆದು, ಡಿಸ್ಚಾರ್ಜ್ ಸಮ್ಮರಿ ನೋಡಿ ಹೊಸ ಪಟ್ಟಿ ಬರೆಯಿರಿ. ನಿಲ್ಲಿಸಿದ ಮಾತ್ರೆಗಳನ್ನು ಬೇರೆ ಕವರಿಗೆ ಹಾಕಿ, ಯಜಮಾನರ ಕೈಗೆ ಸಿಗದ ಕಡೆ ಇಡಿ. ಮುಂದಿನ ಸಲ ಪಾಲಿಕ್ಲಿನಿಕ್‌ಗೆ ಹೋಗುವಾಗ ಆ ಕವರನ್ನೂ ಒಯ್ದು ತೋರಿಸಿ. ಫೈಲು ಬೀರುವಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿ, ಎಲ್ಲಿದೆ ಎಂದು ಪಕ್ಕದ ಮನೆಯವರಿಗೂ ಹೇಳಿಟ್ಟಿರಿ.